ಅಂಟಿಸಿದ ಫೇರಿಂಗ್ ಅದೇ ಜಾಗದಲ್ಲಿ ಮತ್ತೆ ಯಾಕೆ ಬಿಡುತ್ತದೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ನಮಸ್ಕಾರ. 150 ಸಿಸಿಯ ಫುಲ್ ಫೇರಿಂಗ್ (ಮಗ್ಗುಲು ಮುಚ್ಚುವ ಪ್ಲಾಸ್ಟಿಕ್ ಕವಚ) ಬೈಕು ಮಳೆಯಲ್ಲಿ ಜಾರಿ ಬಲಮಗ್ಗುಲಿಗೆ ಬಿದ್ದಿದೆ. ಬಲಗಡೆ ಫೇರಿಂಗಿನಲ್ಲಿ ಗೇಣುದ್ದ ಬಿರುಕು. ಬೋಲ್ಟ್ ಕೂರುವ ಒಂದು ಕಿವಿ ಮುರಿದು ಕಳೆದೇ ಹೋಗಿದೆ. ಮುಂದಿನ ಮಡ್‌ಗಾರ್ಡ್ ಸೀಳಿದೆ. ಟ್ಯಾಂಕಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ತಗ್ಗು, ಅಲ್ಲಿ ಪೇಂಟ್ ಎದ್ದಿದೆ. ಫೇರಿಂಗಿಗೆ ಸೂಪರ್ ಗ್ಲೂ ಹಾಕಿದ್ದೆ, ಎಂಟೇ ದಿನಕ್ಕೆ ಬಿಟ್ಟಿತು. ಬಿರುಕು ಎರಡು ಬೆರಳು ಮುಂದಕ್ಕೂ ಓಡಿದೆ. ರಿಪೇರಿ ಮಾಡಬಹುದಾ, ಹೊಸದೇ ಹಾಕಬೇಕಾ?

ಉತ್ತರ (ಪ್ಲಾಸ್ಟಿಕ್ ವೆಲ್ಡಿಂಗ್ ಕೆಲಸದವರು):
ಫೇರಿಂಗ್ ಉಳಿಯುತ್ತದೆ. ಮಡ್‌ಗಾರ್ಡ್ ಮಾತ್ರ ಹೊಸದು ಹಾಕಿ. ಅದು ಓಡುವಾಗ ಮುರಿದು ಟೈರಿಗೂ ಫೋರ್ಕಿಗೂ ನಡುವೆ ಸಿಕ್ಕಿಕೊಂಡರೆ ಮುಂದಿನ ಚಕ್ರವೇ ಹಿಡಿದುಕೊಳ್ಳುತ್ತದೆ. ಅಲ್ಲಿ ಉಳಿತಾಯ ನೋಡಬೇಡಿ.

ಅಂಟಿಗಿಂತ ಮೊದಲು ಬ್ರಾಕೆಟ್ ನೋಡಿ. ಫೇರಿಂಗನ್ನು ಬೋಲ್ಟ್ ಇಲ್ಲದೆ ಕೈಯಲ್ಲೇ ಜಾಗಕ್ಕೆ ಹಿಡಿಯಿರಿ. ಎಲ್ಲ ತೂತೂ ಎಳೆಯದೆ, ಒತ್ತದೆ ಎದುರುಬದುರು ಬರಬೇಕು. 2-3 ಮಿಮೀ ಆಚೀಚೆ ಇದ್ದರೂ ಒಳಗಿನ ಕಬ್ಬಿಣದ ಬ್ರಾಕೆಟ್ ಬಾಗಿದೆ ಎಂದೇ ಅರ್ಥ. ಬಾಗಿದ ಬ್ರಾಕೆಟ್ಟಿಗೆ ಪ್ಲಾಸ್ಟಿಕ್ಕನ್ನು ಎಳೆದು ಬೋಲ್ಟ್ ಹಾಕಿದರೆ ಅದು ಹಗಲೂ ರಾತ್ರಿ ಬಿಗಿತದಲ್ಲೇ ಇರುತ್ತದೆ. ಎಂಜಿನ್ ನಡುಕ ಸೇರಿದ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಎಂಟು ದಿನಕ್ಕೇ ಬಿಟ್ಟು ಬಿರುಕು ಮುಂದೆ ಓಡಿದೆ ಅಂದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಜೊತೆಗೆ ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿ ನೋಡಿ. ಚಕ್ರ ನೇರ ಇದ್ದಾಗ ಹ್ಯಾಂಡಲ್ ಓರೆ ಕಂಡರೆ ಫೋರ್ಕ್ ಅಥವಾ ಅದನ್ನು ಮೇಲೆ ಹಿಡಿದಿರುವ ಟಿ ತಿರುಚಿದೆ. ಅದು ಸರಿಯಾಗುವ ತನಕ ಬಾಡಿ ಕೆಲಸಕ್ಕೆ ಕೈ ಹಾಕಬೇಡಿ.

ಎರಡನೆಯದು, ಯಾವ ಪ್ಲಾಸ್ಟಿಕ್ ಎಂದು ತಿಳಿಯುವುದು. ಒಳಮೈಯಲ್ಲಿ ಸಣ್ಣ ಅಕ್ಷರದಲ್ಲಿ ಎಬಿಎಸ್ ಅಥವಾ ಪಿಪಿ ಎಂದು ಅಚ್ಚಾಗಿರುತ್ತದೆ. ಅಚ್ಚು ಕಾಣದಿದ್ದರೆ ಪೇಂಟ್ ಇಲ್ಲದ ಕಡೆಯಿಂದ ಒಂದು ಚೂರು ಕೆತ್ತಿ ನೀರಿಗೆ ಹಾಕಿ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಬಣ್ಣ ಹೊಡೆದ ಫೇರಿಂಗ್ ಸಾಮಾನ್ಯವಾಗಿ ಎಬಿಎಸ್. ಬಣ್ಣವಿಲ್ಲದ ಕಪ್ಪು ಭಾಗಗಳಲ್ಲಿ ಪಿಪಿ ಹೆಚ್ಚು. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ, ಪಿಪಿ ಕರಗುವುದಿಲ್ಲ. ಮಾಮೂಲಿ ಅಂಟೂ ಪಿಪಿಗೆ ಹಿಡಿಯುವುದಿಲ್ಲ, ಅದಕ್ಕೆ ಪಿಪಿ ಕಡ್ಡಿಯ ವೆಲ್ಡಿಂಗೇ ಆಗಬೇಕು.

ಮರುಪ್ರಶ್ನೆ:
ಧನ್ಯವಾದ ಸರ್. ಎಬಿಎಸ್ ಎಂದೇ ಇದೆ. ನೀವು ಹೇಳಿದಂತೆ ಮೇಲಿನ ತೂತು ಹೆಚ್ಚುಕಡಿಮೆ 5 ಮಿಮೀ ಹೊರಗಿದೆ. ಬ್ರಾಕೆಟ್ ಸರಿ ಮಾಡಿಸುತ್ತೇನೆ. ಬಿರುಕನ್ನು ಮನೆಯಲ್ಲೇ ಮಾಡಬಹುದಾ? ಕಳೆದುಹೋದ ಕಿವಿಗೆ ಏನು ದಾರಿ?

ಉತ್ತರ (ಪ್ಲಾಸ್ಟಿಕ್ ವೆಲ್ಡಿಂಗ್ ಕೆಲಸದವರು):
ಮಾಡಬಹುದು, ಅವಸರ ಮಾತ್ರ ಬೇಡ. ಮೊದಲು ಹಳೆಯ ಗ್ಲೂ ಅಷ್ಟನ್ನೂ ಕೆರೆದು ತೆಗೆಯಿರಿ. ಅದು ಉಳಿದರೆ ವೆಲ್ಡ್ ಕಚ್ಚುವುದಿಲ್ಲ, ಕಾಯಿಸಿದಾಗ ಬರುವ ಹೊಗೆ ಕಣ್ಣು ಮೂಗು ಉರಿಸುತ್ತದೆ. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಪೆಟ್ರೋಲಿನಲ್ಲಿ ಒರೆಸುವ ಅಭ್ಯಾಸ ಬಹಳ ಕಡೆ ಇದೆ. ಬಿಗಿತದಲ್ಲಿರುವ ಎಬಿಎಸ್‌ಗೆ ಪೆಟ್ರೋಲ್ ತಾಗಿದರೆ ಹೊಸ ಕೂದಲು ಬಿರುಕುಗಳು ಹುಟ್ಟುತ್ತವೆ.

ಬಿರುಕಿನ ತುದಿಯಲ್ಲಿ 3 ಮಿಮೀ ಬಿಟ್‌ನಿಂದ ತೂತು ಹಾಕಿ. ಕಣ್ಣಿಗೆ ಕಾಣುವ ತುದಿಗಿಂತ ನಿಜವಾದ ತುದಿ ಮುಂದಿರುತ್ತದೆ, ಆದ್ದರಿಂದ 2-3 ಮಿಮೀ ಆಚೆಗೆ ಹಾಕಬೇಕು. ಗುಂಡಗಿನ ತೂತಿನಲ್ಲಿ ಒತ್ತಡ ಹಂಚಿಹೋಗಿ ಬಿರುಕು ಅಲ್ಲೇ ನಿಲ್ಲುತ್ತದೆ. ಇದನ್ನು ಬಿಟ್ಟವರ ರಿಪೇರಿ ಗಟ್ಟಿಯಾಗಿಯೇ ಉಳಿದರೂ ಪಕ್ಕದಿಂದ ಹೊಸ ಬಿರುಕು ಹೊರಡುತ್ತದೆ.

ಆಮೇಲೆ ಹೊರಮೈಗೆ ಅಲ್ಯೂಮಿನಿಯಂ ಟೇಪ್ ಹಾಕಿ ಅಂಚು ಸಮ ಮಾಡಿಕೊಂಡು, ಒಳಗಿನಿಂದ ವಿ ಆಕಾರದ ತೋಡು ಕೆತ್ತಿ. ದಪ್ಪದ ಅರ್ಧದಷ್ಟು ಆಳ ಸಾಕು. ಹಾಟ್ ಏರ್ ಗನ್ನಾದರೆ ಎಬಿಎಸ್‌ಗೆ ಸುಮಾರು 350 ಡಿಗ್ರಿ, ಪಿಪಿಗೆ ಸುಮಾರು 300. ಗನ್ ಇಲ್ಲದಿದ್ದರೆ ಚಪ್ಪಟೆ ಬಿಟ್ಟಿನ ಸೋಲ್ಡರಿಂಗ್ ಐರನ್ ನಡೆಯುತ್ತದೆ. ಎಬಿಎಸ್ ಕಡ್ಡಿಯ ಜೊತೆ ತೋಡಿನ ಎರಡೂ ಅಂಚು ಕರಗಬೇಕು. ಬರೀ ಕಡ್ಡಿ ಕರಗಿ ಮೇಲೆ ಕೂತರೆ ಅದು ಮೇಣ ಮೆತ್ತಿದ ಹಾಗೆ, ಉಗುರಲ್ಲೇ ಏಳುತ್ತದೆ. ಕಂದು ಬಣ್ಣಕ್ಕೆ ತಿರುಗಿ ಗುಳ್ಳೆ ಬಂದರೆ ಪ್ಲಾಸ್ಟಿಕ್ ಸುಟ್ಟಿದೆ. ಕೆತ್ತಿ ತೆಗೆದು ಮತ್ತೆ ಮಾಡಿ. ಅದರ ಮೇಲೆ 15 ಮಿಮೀ ಅಗಲದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯ ಪಟ್ಟಿಯನ್ನು ಬಿಸಿಯಲ್ಲೇ ಒತ್ತಿ ಮುಳುಗಿಸಿ, ಪ್ಲಾಸ್ಟಿಕ್ಕಿನಿಂದ ಮುಚ್ಚಿ. ತಣ್ಣಗಾದ ಮೇಲೆ ಟೇಪ್ ಕಿತ್ತು ಹೊರಗಿನಿಂದಲೂ ಸಣ್ಣ ತೋಡು ಕೆತ್ತಿ ತುಂಬಿ.

ಹೊರಗಿನ ತೋಡಿಗೆ ಎಬಿಎಸ್ ಅಂಟು ಸಾಕು. ಹಳೆಯ ಎಬಿಎಸ್ ಪ್ಯಾನೆಲಿನ ಪೇಂಟ್ ಕೆರೆದ ಚೂರು 10 ಗ್ರಾಂ, ಅಸಿಟೋನ್ 20-25 ಮಿಲಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆಗೆ ಜೇನಿನ ಹದಕ್ಕೆ ಬಂದಿರುತ್ತದೆ. ಒಂದು ಸಲಕ್ಕೆ 1 ಮಿಮೀಗಿಂತ ದಪ್ಪ ಹಚ್ಚಬೇಡಿ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಅಸಿಟೋನ್ ಉಳಿದಿರುತ್ತದೆ. ಅದು ವಾರಗಟ್ಟಲೆ ಆರುತ್ತಾ ಕುಗ್ಗಿ, ಪೇಂಟಿನ ಮೇಲೆ ಗೆರೆಯಾಗಿ ಕಾಣಿಸುತ್ತದೆ. ಕೊನೆಯ ಪದರದ ನಂತರ ಮೂರು ದಿನ ಬಿಡಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ನೀರು, ಎಣ್ಣೆ ಬೆರೆತಿರುತ್ತದೆ. ಅಸಿಟೋನ್ ಇರುವ ಕೋಣೆಯಲ್ಲಿ ಒಲೆ, ಬಿಸಿ ಐರನ್ ಎರಡೂ ಇರಬಾರದು.

ಕಿವಿಗೆ: ಗುಜರಿ ಎಬಿಎಸ್ ಪ್ಯಾನೆಲಿನಿಂದ 3 ಮಿಮೀ ದಪ್ಪದ ತುಂಡು ಕತ್ತರಿಸಿ. ಎಡಗಡೆಯ ಕಿವಿಯನ್ನು ಕಾಗದಕ್ಕೆ ಅಚ್ಚು ತೆಗೆದು, ಕಾಗದ ತಿರುವಿ ಹಾಕಿದರೆ ಬಲಗಡೆಯದು ಸಿಗುತ್ತದೆ. ಫೇರಿಂಗನ್ನು ಬೈಕಿಗೆ ಕೂರಿಸಿಯೇ ಕಿವಿಯನ್ನು ಎರಡು ಚುಕ್ಕೆ ವೆಲ್ಡ್‌ನಲ್ಲಿ ನಿಲ್ಲಿಸಿ, ಆಮೇಲೆ ಬಿಚ್ಚಿ ಎರಡೂ ಬದಿ ಪೂರ್ತಿ ಮಾಡಿ, ಬುಡಕ್ಕೆ ಅಡ್ಡಲಾಗಿ ತಂತಿ ಹುಗಿಯಿರಿ. ಎಪಾಕ್ಸಿ ಮುದ್ದೆ ಮೆತ್ತಿ ಕಿವಿ ಮಾಡಬೇಡಿ. ಪ್ಲಾಸ್ಟಿಕ್ ಬಾಗುತ್ತದೆ, ಮುದ್ದೆ ಬಾಗದೆ ಬುಡದಲ್ಲಿ ಕಿತ್ತು ಬರುತ್ತದೆ.

ಉತ್ತರ (ಟಿಂಕರಿಂಗ್, ಪೇಂಟಿಂಗ್ ಕೆಲಸದವರು):
ಟ್ಯಾಂಕಿನ ವಿಷಯ ನಾನು ಹೇಳುತ್ತೇನೆ. ಮೊದಲು ಮ್ಯಾಗ್ನೆಟ್ ಹಿಡಿದು ನೋಡಿ. ಎಷ್ಟೋ ಬೈಕುಗಳಲ್ಲಿ ಕಬ್ಬಿಣದ ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ ಕವರ್ ಇರುತ್ತದೆ. ಕಬ್ಬಿಣವೇ ಆಗಿದ್ದರೆ ಯಾರೇ ಹೇಳಲಿ, ಟ್ಯಾಂಕಿಗೆ ವೆಲ್ಡ್ ತಾಗಿಸಿ ತಗ್ಗು ಎಳೆಯಲು ಬಿಡಬೇಡಿ. ಪೆಟ್ರೋಲ್ ಸುರಿದು ಖಾಲಿ ಮಾಡಿದ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಗಾಳಿಯೊಂದಿಗೆ ಬೆರೆತ ಆವಿ ಒಂದು ಕಿಡಿಗೆ ಸಿಡಿಯುತ್ತದೆ. ಕೆಳಗಿನ ಜೋಡಣೆಯ ಅಂಚಿನಲ್ಲಿ ಮಡಿಕೆ ಬಿದ್ದಿದ್ದರೆ ಪಟ್ಟಿ (ತಗ್ಗು ತುಂಬುವ ಪುಟ್ಟಿ) ಹಾಕಿ ಮುಚ್ಚದೆ ಟ್ಯಾಂಕನ್ನೇ ಬದಲಿಸಿ.

ನಾಣ್ಯದಗಲದ ತಗ್ಗಿಗೆ ಪಟ್ಟಿ ಸಾಕು, ಆಳ 2-3 ಮಿಮೀ ಮೀರದಿದ್ದರೆ. ಸುತ್ತ ಎರಡು ಬೆರಳಗಲ ಪೇಂಟನ್ನು 80 ನಂಬರ್ ಎಮರಿಯಲ್ಲಿ ಬರೀ ತಗಡಿನ ತನಕ ಉಜ್ಜಿ. ಹೊಳೆಯುವ ಪೇಂಟಿನ ಮೇಲೆ ಹಾಕಿದ ಪಟ್ಟಿ ಹಪ್ಪಳದಂತೆ ಏಳುತ್ತದೆ. 100 ಗ್ರಾಂ ಪಟ್ಟಿಗೆ ಹಾರ್ಡನರ್ 2 ಗ್ರಾಂ. ಬೇಗ ಗಟ್ಟಿಯಾಗಲಿ ಎಂದು ಜಾಸ್ತಿ ಹಾಕಿದರೆ ಅದೇ ಹಾರ್ಡನರ್ ಮೇಲಿನ ಬಣ್ಣದ ಮೂಲಕ ಕಲೆಯಾಗಿ ಹೊರಬರುತ್ತದೆ. ಪಟ್ಟಿಯನ್ನು ಒಣ ಎಮರಿಯಲ್ಲೇ ಉಜ್ಜಬೇಕು, ಅದು ನೀರು ಕುಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆ ನೀರು ಆರುವುದೇ ಇಲ್ಲ. ತಗಡಿಗೆ ತುಕ್ಕು ಹಿಡಿದು ತಿಂಗಳೊಪ್ಪತ್ತಿನಲ್ಲಿ ಪೇಂಟ್ ಗುಳ್ಳೆ ಏಳುತ್ತದೆ.

ಪೇಂಟ್: 180 ನಂಬರ್ ಎಮರಿ, ಆಮೇಲೆ 320, ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೇಥೇನ್) ಪ್ರೈಮರ್, 600ರ ವಾಟರ್ ಪೇಪರ್, ಬಣ್ಣದ ಬೇಸ್ ಕೋಟ್, ಕೊನೆಗೆ ಬಣ್ಣವಿಲ್ಲದ ಕ್ಲಿಯರ್. ಎರಡು ಕೋಟಿನ ನಡುವೆ ಹತ್ತು ನಿಮಿಷ ಬಿಡಿ. ಎಬಿಎಸ್ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿದರೆ ಮೈ ತಿಂದು ಬಲೆಬಲೆಯಾಗಿ ಬಿರಿಯುತ್ತದೆ, ಪೇಂಟಿನ ಡಬ್ಬದ ಮೇಲೆ ಹೇಳಿದ ಥಿನ್ನರೇ ಬಳಸಿ. ಮ್ಯಾಟ್ ಬಣ್ಣವಾದರೆ ತೇಪೆ ಕಾಣದಂತೆ ಹೊಡೆಯಲು ಆಗುವುದಿಲ್ಲ, ಪೂರ್ತಿ ಪ್ಯಾನೆಲ್ ಹೊಡೆಯಿರಿ. ಮಳೆ ಸುರಿಯುವ ದಿನ ಗನ್ ಹಿಡಿಯಬೇಡಿ, ತೇವ ಹಿಡಿದು ಹೊಳಪು ಮಂಕಾಗುತ್ತದೆ. ಪಿಯು ಹಾರ್ಡನರಿನಲ್ಲಿ ಐಸೊಸಯನೇಟ್ ಇದೆ, ಉಬ್ಬಸ ಹತ್ತಿಸುತ್ತದೆ. ಬಟ್ಟೆ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ. ಸರಿಯಾದ ಉಸಿರಾಟದ ಮಾಸ್ಕ್ ಇಲ್ಲದಿದ್ದರೆ ಈ ಹಂತವನ್ನು ಪೇಂಟರಿಗೆ ಕೊಡಿ.

ಇನ್ನೊಬ್ಬರ ಪ್ರಶ್ನೆ:
ಅಣ್ಣ, ಇದಕ್ಕೆಲ್ಲ ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ಲಾಭವಾ?

ಉತ್ತರ (ಕ್ಲೇಮ್ ಕೆಲಸ ತಿಳಿದವರು):
ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಬೈಕಿಗೆ ಏನೂ ಸಿಗುವುದಿಲ್ಲ. ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ 50% ಸವಕಳಿ ಕಳೆಯುತ್ತಾರೆ. ₹4,000ದ ಫೇರಿಂಗಿಗೆ ₹2,000, ಅದರಲ್ಲಿ ಕಡ್ಡಾಯ ಕಡಿತ ₹100 ಹೋಗಿ ₹1,900. ಒಟ್ಟು ಪೇಂಟಿಂಗ್ ಬಿಲ್ಲಿನಲ್ಲಿ ಕಾಲುಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ. ಝೀರೋ ಡೆಪ್ (ಸವಕಳಿ ಕಳೆಯದ ಆಡ್-ಆನ್) ಇದ್ದರೆ ಈ ಸವಕಳಿ ಇಲ್ಲ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಅದು ಓನ್ ಡ್ಯಾಮೇಜ್ (ನಿಮ್ಮ ಬೈಕಿನ ಹಾನಿಯ) ಪ್ರೀಮಿಯಮ್ಮಿನಲ್ಲಿ 50% ರಿಯಾಯಿತಿ. ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಕ್ಲೇಮ್ ಮಾಡುವುದೇ ಆದರೆ ಬಿಚ್ಚುವ ಮೊದಲೇ ತಿಳಿಸಿ, ಸರ್ವೇಯರ್ ನೋಡುವ ತನಕ ಕೈ ಹಾಕಬೇಡಿ.

ಮರುಪ್ರಶ್ನೆ (ಮೊದಲಿನವರು):
ತಿರುಗಿ ಕೂರಿಸುವಾಗ ಏನು ಗಮನಿಸಬೇಕು?

ಉತ್ತರ (ಪ್ಲಾಸ್ಟಿಕ್ ವೆಲ್ಡಿಂಗ್ ಕೆಲಸದವರು):
ಎಲ್ಲ ಬೋಲ್ಟನ್ನೂ ಕೈಯಲ್ಲೇ ನಾಲ್ಕು ಸುತ್ತು ಹಿಡಿಸಿ, ಒಂದನ್ನೂ ಮೊದಲೇ ಬಿಗಿಯಬೇಡಿ. ರಬ್ಬರ್ ಬುಷ್, ಅದರೊಳಗಿನ ಕಾಲರ್ (ಸಣ್ಣ ಲೋಹದ ಕೊಳವೆ) ಎರಡೂ ಇರಬೇಕು. ಕಾಲರ್ ಇಲ್ಲದಿದ್ದರೆ ಬೋಲ್ಟಿನ ಬಿಗಿ ನೇರ ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ. ಕಾಲರ್ ತಾಗಿ ನಿಂತ ಮೇಲೆ ಮತ್ತೆ ಬಲ ಹಾಕಬೇಡಿ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಚ್ ಹಿಡಿದು ಹೊಸ ಕಿವಿಯ ಬುಡ ನೋಡಿ. ಅಲ್ಲಿ ಬಿಳಿ ಗೆರೆ ಕಂಡರೆ ಬ್ರಾಕೆಟ್ ಇನ್ನೂ ಎಳೆಯುತ್ತಿದೆ.