ಸಹಾಯ ಬೇಕು: ಚಾರ್ಲ್ಸ್ ಗಾರ್ಡನ್ ಕಮಿಂಗ್ ಅವರ ಪುಸ್ತಕ ಯಾರ ಹತ್ತಿರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ಕಮಿಂಗ್ ಅವರ 'ದಿ ಅಸ್ಸೀರಿಯನ್ ಅಂಡ್ ಹೀಬ್ರೂ ಹಿಮ್ಸ್ ಆಫ್ ಪ್ರೈಸ್' ಪುಸ್ತಕ ಹುಡುಕುತ್ತಿದ್ದೇನೆ. 1934ರಲ್ಲಿ ಕೊಲಂಬಿಯಾ ಯೂನಿವರ್ಸಿಟಿ ಪ್ರೆಸ್ ಹೊರತಂದದ್ದು. ಇಂದಿನ ಇರಾಕ್ ಕಡೆಯ ಪ್ರಾಚೀನ ರಾಜ್ಯ ಅಸ್ಸೀರಿಯಾದ ಸ್ತುತಿಗಳನ್ನೂ ನಮ್ಮ ಕನ್ನಡ ಬೈಬಲ್‌ನಲ್ಲಿ 'ಕೀರ್ತನೆಗಳು' ಅಂತ ಇರುವ ಹೀಬ್ರೂ ಹಾಡುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ಪುಸ್ತಕ. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ. ಅದು ನನಗೆ ನಿಜವಾಗಿಯೂ ಬೇಸರ.

ನನಗೆ ಈ ಹುಚ್ಚು ಹಿಡಿಸಿದ್ದು ಸೂರ್ಯದೇವ ಶಮಾಶ್‌ನ ಸ್ತುತಿ. ಸುಮಾರು 200 ಸಾಲು. ಅಸ್ಸೀರಿಯಾದ ರಾಜಧಾನಿ ನಿನೆವೆಯಲ್ಲಿ ಅಶೂರ್‌ಬನಿಪಾಲ್ ರಾಜನ ಗ್ರಂಥಾಲಯದ ಮಣ್ಣಿನ ಹಲಗೆಗಳಲ್ಲಿ ಸಿಕ್ಕಿದ್ದು. ಅದರಲ್ಲಿ ತಕ್ಕಡಿ ಹಿಡಿದ ವ್ಯಾಪಾರಿ ಬರುತ್ತಾನೆ. ತೂಕದಲ್ಲಿ ಮೋಸ ಮಾಡಿದವನಿಗೆ ಲಾಭವೂ ಇಲ್ಲ, ಹಾಕಿದ ಬಂಡವಾಳವೂ ಹೋಗುತ್ತದೆ. ದೇವರ ಸ್ತುತಿಯಲ್ಲಿ ಸಂತೆಯ ತಕ್ಕಡಿ! ಆಮೇಲೆ 19ನೇ ಕೀರ್ತನೆ ತೆಗೆದೆ. ಅಲ್ಲಿ ಸೂರ್ಯ ಮದುಮಗನ ಹಾಗೆ ಹೊರಗೆ ಬರುತ್ತಾನೆ, ಆದರೆ ಅವನು ದೇವರಲ್ಲ, ದೇವರು ಮಾಡಿಟ್ಟವನು. ಎಷ್ಟು ಹತ್ತಿರ, ಎಷ್ಟು ದೂರ ಅಲ್ವಾ?

ಈ ಎರಡನ್ನೂ ಕನ್ನಡದಲ್ಲಿ ಜೊತೆಯಾಗಿ ಕೊಡಬೇಕು ಅಂತ ಆಸೆ. ನನ್ನ ಹತ್ತಿರ ಇರುವುದು ಹಳೇ ಜೆರಾಕ್ಸ್. ಅಂಚಿನ ಅಕ್ಷರಗಳೆಲ್ಲ ಕತ್ತರಿಸಿ ಹೋಗಿವೆ, ಅಡಿಟಿಪ್ಪಣಿ ಓದಲು ಆಗುವುದೇ ಇಲ್ಲ.

ನ್ಯೂಯಾರ್ಕ್ ಕಡೆ ಇರುವ ಕನ್ನಡಿಗರು ಯಾರಾದರೂ ಲೈಬ್ರರಿಯಲ್ಲಿ ನೋಡಿಕೊಡಬಹುದಾ? ಇಲ್ಲೇ ಕ್ರೈಸ್ತ ಧರ್ಮಶಾಸ್ತ್ರ ಓದುತ್ತಿರುವವರ ಹತ್ತಿರ ಇದ್ದರೆ ಎರಡು ದಿನಕ್ಕೆ ಕೊಡಿ, ಜೋಪಾನವಾಗಿ ವಾಪಸ್ ಮಾಡುತ್ತೇನೆ. ಕಮಿಂಗ್ ಅವರ ಜೀವನದ ಬಗ್ಗೆ ಒಂದೆರಡು ಸಾಲು ಎಲ್ಲಾದರೂ ಓದಿದ್ದರೆ ಅದನ್ನೂ ದಯವಿಟ್ಟು ಹೇಳಿ.