ಏಳೂವರೆ ಗಂಟೆ ಮಲಗಿದರೂ ಸುಸ್ತು, ಮೂರು ಮಾತ್ರೆಗೂ ಬಗ್ಗದ ಬಿಪಿ: ಗೊರಕೆಗೂ ಇದಕ್ಕೂ ಸಂಬಂಧ ಇದೆಯಾ?

ಕುಂದಾಪುರದವಳು, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ನಿದ್ದೆ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಅವರಿಗೆ 47 ವರ್ಷ. ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ರಾತ್ರಿ ಗಲ್ಲಾ ಲೆಕ್ಕ ಮುಗಿಸಿ, ಲೋಕಲ್ ಹಿಡಿದು ಮನೆ ಮುಟ್ಟುವಾಗ ಹನ್ನೆರಡು ಗಂಟೆ. ದಿಂಬಿಗೆ ತಲೆ ಕೊಟ್ಟರೆ ಸಾಕು, ನಿದ್ದೆ. ಬೆಳಿಗ್ಗೆ ಎಂಟಕ್ಕೆ ಏಳುತ್ತಾರೆ. ಲೆಕ್ಕ ಹಾಕಿದರೆ ಏಳೂವರೆ ಗಂಟೆ ಆಯಿತು, ಕಡಿಮೆ ಏನಲ್ಲ. ಆದರೂ ಎದ್ದಾಗ ಬಾಯಿ ಒಣಗಿರುತ್ತದೆ, ತಲೆ ಭಾರ ಅಂತಾರೆ. ಟ್ರೈನಿನಲ್ಲಿ ನಿಂತುಕೊಂಡೇ ತೂಕಡಿಸುತ್ತಾರೆ. ಸೀಟು ಸಿಕ್ಕಿದ ದಿನ ಡೊಂಬಿವಲಿ ದಾಟಿ ಕಲ್ಯಾಣದಲ್ಲಿ ಎಚ್ಚರ ಆಗಿದ್ದೂ ಇದೆ.

ಬಿಪಿಗೆ ಮೂರು ಮಾತ್ರೆ ನಡೀತಿದೆ. ಅದರಲ್ಲಿ ಒಂದು ಮೂತ್ರ ಹೋಗುವ ಮಾತ್ರೆ. ಒಂದು ದಿನವೂ ತಪ್ಪಿಸುವುದಿಲ್ಲ, ನಾನೇ ಕೈಗೆ ಕೊಡುತ್ತೇನೆ. ಆದರೂ 150/100ರ ಆಸುಪಾಸಿನಲ್ಲೇ ಇರುತ್ತದೆ, ಬೆಳಿಗ್ಗೆ ಇನ್ನೂ ಜಾಸ್ತಿ. ರಾತ್ರಿ ಮೂರು ಸಲ ಬಾತ್‌ರೂಮಿಗೆ ಏಳುತ್ತಾರೆ. ಶುಗರ್ ಇರಬೇಕು ಅಂತ ಪರೀಕ್ಷೆ ಮಾಡಿಸಿದೆವು, ಇಲ್ಲ. ಸೋನೋಗ್ರಫಿಯಲ್ಲಿ ಪ್ರಾಸ್ಟೇಟ್ ಕೂಡ ಸರಿ ಇದೆ ಅಂದರು.

ನನಗೆ ಭಯ ಆಗುವುದು ಗೊರಕೆಯಿಂದ. ಗೊರಕೆ ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ನಿಂತುಬಿಡುತ್ತದೆ. ಹೊಟ್ಟೆ ಮಾತ್ರ ಏರಿಳಿಯುತ್ತಾ ಇರುತ್ತದೆ. ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿ ಇಲ್ಲ. ನಾನು ಮನಸ್ಸಿನಲ್ಲೇ ಎಣಿಸುತ್ತೇನೆ. ಇಪ್ಪತ್ತು ದಾಟಿದರೆ ಭುಜ ಅಲ್ಲಾಡಿಸುತ್ತೇನೆ. ಅಷ್ಟರಲ್ಲಿ ದೊಡ್ಡದಾಗಿ ಗೊರ್ ಅಂತ ಉಸಿರೆಳೆದು, ಮಗ್ಗುಲು ಬದಲಿಸಿ, ಮತ್ತೆ ಶುರು. ಬೆಳಿಗ್ಗೆ ಕೇಳಿದರೆ ಅವರಿಗೆ ಏನೂ ಗೊತ್ತಿಲ್ಲ.

ಅತ್ತೆ ಹೇಳುತ್ತಾರೆ, ಗೊರಕೆ ಬಂದರೆ ಗಾಢ ನಿದ್ದೆ ಅಂತ ಅರ್ಥ, ಎಬ್ಬಿಸಬೇಡ ಅಂತ. ಭಾವ ಒಂದು ಸ್ಟ್ರಿಪ್ ನಿದ್ದೆ ಮಾತ್ರೆ ತಂದುಕೊಟ್ಟಿದ್ದಾರೆ, ಇನ್ನೂ ಕೊಟ್ಟಿಲ್ಲ. ಬಿಪಿ ನೋಡುವ ಡಾಕ್ಟರು ನಾಲ್ಕನೇ ಮಾತ್ರೆ ಶುರು ಮಾಡೋಣ ಅಂತಿದ್ದಾರೆ. ಅದಕ್ಕೆ ಮೊದಲು ಈ ನಿದ್ದೆಯನ್ನು ಯಾರಿಗಾದರೂ ತೋರಿಸಬೇಕಾ? ಯಾವ ಡಾಕ್ಟರಿಗೆ? ಗೊತ್ತಿದ್ದವರು ಹೇಳಿ.

ಹಿರಿಯ ಓದುಗ, ಮಾಟುಂಗಾ

ತಂಗೀ, ಇಷ್ಟು ಗಾಬರಿ ಬೇಡ. ನಮ್ಮಪ್ಪ, ದೊಡ್ಡಪ್ಪ ಎಲ್ಲರೂ ಗೊರಕೆ ಹೊಡೆದೇ ಬದುಕಿದವರು. ರಾತ್ರಿ ಊಟ ತಡ ಆಗುವುದು, ಹೊಟ್ಟೆ ಬಿರಿಯುವಷ್ಟು ಅನ್ನ ಉಂಡು ಹಾಗೇ ಮಲಗುವುದು, ಇದು ಹೋಟೆಲಿನವರ ಪಾಡು. ಊಟ ಹಗುರ ಮಾಡಲಿ, ಎಡ ಮಗ್ಗುಲಿಗೆ ಮಲಗಲಿ, ತೂಕ ಇಳಿಸಲಿ. ನಿದ್ದೆ ಮಾತ್ರೆ ಮಾತ್ರ ಬೇಡ, ಅದನ್ನು ಈಗಲೇ ಎಸೆದುಬಿಡಿ.

ರಾತ್ರಿ ಟೆಕ್ನಿಷಿಯನ್, ನವಿ ಮುಂಬೈ

ಅಕ್ಕ, ನಾನು ಶಿರಸಿ ಕಡೆಯವನು. ಇಲ್ಲಿ ಸ್ಲೀಪ್ ಲ್ಯಾಬಿನಲ್ಲಿ ಕೆಲಸ. ಡಾಕ್ಟರ್ ಅಲ್ಲ, ಹಾಗಾಗಿ ಇದೇ ಕಾಯಿಲೆ ಅಂತ ನಾನು ಹೇಳುವ ಹಾಗಿಲ್ಲ. ಆದರೆ ನೀವು ಬರೆದಿದ್ದು ಓದಿ ಸುಮ್ನಿರೋಕೆ ಆಗಲಿಲ್ಲ. ದಯವಿಟ್ಟು ನಾಲ್ಕನೇ ಮಾತ್ರೆಗೆ ಮೊದಲು ನಿದ್ದೆಯ ಪರೀಕ್ಷೆ ಬಗ್ಗೆ ಡಾಕ್ಟರ ಹತ್ತಿರ ಕೇಳಿ. ಗೊರಕೆ ನಡುವೆ ನಿಲ್ಲುವ ಉಸಿರು, ಹಗಲು ತೂಕಡಿಕೆ, ಮಾತ್ರೆಗೆ ಬಗ್ಗದ ಬಿಪಿ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು: ನಮ್ಮಲ್ಲಿಗೆ ಬರುವವರ ಚೀಟಿಯಲ್ಲಿ ಇವೇ ಇರುತ್ತವೆ. ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುವ ತೊಂದರೆ.

ಹೊರಗಿಂದ ನೋಡಿದರೆ ಮನುಷ್ಯ ಹಾಯಾಗಿ ಮಲಗಿರುತ್ತಾನೆ. ಪಕ್ಕದ ರೂಮಿನಲ್ಲಿ ಪರದೆ ನೋಡುತ್ತಾ ಕೂತ ನನಗೆ ಬೇರೆಯದೇ ಕಾಣುತ್ತದೆ. ಮೂಗಿನ ಗಾಳಿಯ ಗೆರೆ ಅಲೆ ಅಲೆಯಾಗಿ ಹೋಗುತ್ತಿರುತ್ತದೆ, ಒಮ್ಮೆಲೇ ಮಟ್ಟಸ ಆಗಿಬಿಡುತ್ತದೆ. ಎದೆಗೆ, ಹೊಟ್ಟೆಗೆ ಕಟ್ಟಿದ ಪಟ್ಟಿಗಳ ಗೆರೆ ಮಾತ್ರ ಎಳೆದಾಡುತ್ತಲೇ ಇರುತ್ತದೆ. ನೀವು ನೋಡಿದ್ದು ಅದನ್ನೇ, ಹೊಟ್ಟೆ ಆಡುತ್ತದೆ, ಗಾಳಿ ಇಲ್ಲ. ಸ್ವಲ್ಪ ಹೊತ್ತಿಗೆ ಬೆರಳಿನ ಕ್ಲಿಪ್ಪಿನಲ್ಲಿ ಆಕ್ಸಿಜನ್ 95ರಿಂದ 90ಕ್ಕೆ, 86ಕ್ಕೆ, ಕೆಲವರಲ್ಲಿ ಅದಕ್ಕಿಂತ ಕೆಳಗೂ ಇಳಿಯುತ್ತದೆ. ಆಗ ಮಿದುಳಿನ ಗೆರೆ ಥಟ್ಟನೆ ಚುರುಕಾಗುತ್ತದೆ. ಕೆಲವೇ ಸೆಕೆಂಡಿನ ಎಚ್ಚರ. ಗಂಟಲು ತೆರೆದುಕೊಳ್ಳುತ್ತದೆ, ದೊಡ್ಡ ಗೊರಕೆ, ಗಾಳಿ ಬರುತ್ತದೆ. ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ಬೆಳಿಗ್ಗೆ ವೈರ್ ಬಿಚ್ಚುವಾಗ ಅದೇ ಮನುಷ್ಯ "ಒಂದೇ ನಿದ್ದೆ ಬಂತು" ಅನ್ನುತ್ತಾರೆ. ಆ ಎಚ್ಚರ ಎಷ್ಟು ಚಿಕ್ಕದು ಅಂದರೆ ನೆನಪಿನಲ್ಲಿ ಉಳಿಯುವುದೇ ಇಲ್ಲ.

ಇಂಥದ್ದು 10 ಸೆಕೆಂಡಾದರೂ ಇದ್ದರೆ ಒಂದು ಅಂತ ಎಣಿಸುತ್ತೇವೆ. ಉಸಿರು ಪೂರ್ತಿ ನಿಲ್ಲದೆ ಕಡಿಮೆಯಾದರೂ, ಜೊತೆಗೆ ಆಕ್ಸಿಜನ್ ಇಳಿದರೆ ಅಥವಾ ಎಚ್ಚರವಾದರೆ, ಅದೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ 5ರೊಳಗೆ ಇದ್ದರೆ ತೊಂದರೆ ಇಲ್ಲ. 15ರ ತನಕ ಸೌಮ್ಯ, 30ರ ತನಕ ಮಧ್ಯಮ, ಅದರ ಮೇಲೆ ತೀವ್ರ. ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಭುಜ ತಟ್ಟಿ ಎಬ್ಬಿಸಿದ ಹಾಗೆ. ಆಮೇಲೆ ಏಳೂವರೆ ಗಂಟೆ ಮಲಗಿದರೇನು, ಒಂಬತ್ತು ಗಂಟೆ ಮಲಗಿದರೇನು? ಗಾಢ ನಿದ್ದೆಗೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ.

ಬಿಪಿ ವಿಷಯಕ್ಕೆ ಬರೋಣ. ಒಳ್ಳೆ ನಿದ್ದೆಯಲ್ಲಿ ಬಿಪಿ ಹಗಲಿಗಿಂತ 10ರಿಂದ 20 ಪರ್ಸೆಂಟ್ ಇಳಿಯಬೇಕು. ಹೃದಯಕ್ಕೂ ರಕ್ತನಾಳಕ್ಕೂ ಅದೇ ವಿಶ್ರಾಂತಿ. ಉಸಿರು ಕಟ್ಟಿದಾಗಲೆಲ್ಲ ದೇಹ ಗಾಬರಿಯಿಂದ ಅಡ್ರಿನಲಿನ್ ತರಹದ ರಾಸಾಯನಿಕ ಬಿಡುತ್ತದೆ, ಬಿಪಿ ಜಿಗಿಯುತ್ತದೆ. ರಾತ್ರಿಯಿಡೀ ಹೀಗಾದರೆ ಇಳಿಯುವ ಮಾತೆಲ್ಲಿ? ಆ ಬಿಗಿ ಹಗಲಿಗೂ ಉಳಿಯುತ್ತದೆ. ಮೂತ್ರದ್ದೂ ಇದರಲ್ಲೇ ಸೇರಿದ್ದು. ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆದಾಗ ಎದೆಯೊಳಗೆ ಸೆಳೆತ ಜಾಸ್ತಿಯಾಗಿ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಯಿತು ಅಂದುಕೊಂಡು ಅದು ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುತ್ತದೆ. ಆದರೆ ಒಂದು ಕೇಳುತ್ತೇನೆ, ಮೂತ್ರ ಹೋಗುವ ಮಾತ್ರೆ ಅವರು ತಗೊಳ್ಳುವುದು ಬೆಳಿಗ್ಗೆಯೋ ರಾತ್ರಿಯೋ? ರಾತ್ರಿಯಾದರೆ ಅದನ್ನೂ ಡಾಕ್ಟರಿಗೆ ಹೇಳಿ.

ನಿದ್ದೆ ಮಾತ್ರೆ ಕೊಡಲೇಬೇಡಿ. ಅದರಲ್ಲಿ ಎಷ್ಟೋ ಮಾತ್ರೆಗಳು ಗಂಟಲಿನ ಸ್ನಾಯುವನ್ನು ಇನ್ನೂ ಸಡಿಲ ಮಾಡುತ್ತವೆ, ಎಚ್ಚರ ಆಗುವುದನ್ನೂ ತಡ ಮಾಡುತ್ತವೆ. ಇಂಥವರಿಗೆ ಆ ಎಚ್ಚರವೇ ಕಾವಲು. ಹೋಟೆಲ್ ಮುಚ್ಚಿದ ಮೇಲೆ ಒಂದು ಪೆಗ್ ಅಭ್ಯಾಸ ಇದ್ದರೆ ಅದೂ ಇದೇ ಕೆಲಸ ಮಾಡುತ್ತದೆ. ಸ್ಕೂಟರ್ ಓಡಿಸುತ್ತಿದ್ದರೆ ಸದ್ಯಕ್ಕೆ ಬೇಡ, ಇದು ಕೈ ಮುಗಿದು ಹೇಳುತ್ತಿದ್ದೇನೆ.

ಮಾಟುಂಗಾದ ಹಿರಿಯರು ಹೇಳಿದ ತೂಕದ ಮಾತು ನಿಜ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಾನುಗಟ್ಟಲೆ ಜನರನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ 10 ಪರ್ಸೆಂಟ್ ಇಳಿದರೆ ಉಸಿರು ನಿಲ್ಲುವ ಲೆಕ್ಕ ಸುಮಾರು ಕಾಲು ಭಾಗ ಇಳಿಯುತ್ತದೆ ಅಂತ ಕಂಡಿತ್ತು. ಮಗ್ಗುಲಿಗೆ ಮಲಗುವುದೂ ಹಲವರಿಗೆ ಒಳ್ಳೆಯದು. ಆದರೆ ಗೊರಕೆ ಅಪ್ಪನ ಕಾಲದಿಂದಲೂ ಇತ್ತು, ಗಾಬರಿ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಕ್ಷಮಿಸಿ. ಆಗ ಅಳೆಯುವವರು ಇರಲಿಲ್ಲ. ನಿದ್ದೆಯಲ್ಲೇ ಹಾರ್ಟ್ ನಿಂತು ಹೋದರು ಅಂತ ಹೇಳಿಸಿಕೊಂಡ ಎಷ್ಟೋ ಜನರ ಗೊರಕೆಯನ್ನು ಯಾರೂ ಕೇಳಿ ಬರೆದಿಟ್ಟಿಲ್ಲ.

ತೋರಿಸಬೇಕಾದ್ದು ಚೆಸ್ಟ್ ಡಾಕ್ಟರಿಗೆ ಅಥವಾ ಮೂಗು-ಗಂಟಲಿನ ಡಾಕ್ಟರಿಗೆ, ನಿದ್ದೆಯ ತೊಂದರೆ ನೋಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಇವತ್ತು ರಾತ್ರಿಯೇ ಮೊಬೈಲಿನಲ್ಲಿ ವಿಡಿಯೋ ಮಾಡಿ. ಮುಖ, ಎದೆ, ಹೊಟ್ಟೆ ಮೂರೂ ಕಾಣಬೇಕು, ಶಬ್ದ ಸ್ಪಷ್ಟ ಇರಬೇಕು. ಕುತ್ತಿಗೆಯ ಸುತ್ತಳತೆ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. 40 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಅದೂ ಒಂದು ಸುಳಿವು.

ಮಾಸ್ಕ್ ಹಾಕುವವನು, ಮೀರಾ ರೋಡ್

ಮೇಲಿನವರು ಹೇಳಿದ್ದನ್ನೆಲ್ಲ ನಾನು ಅನುಭವಿಸಿದ್ದೇನೆ. ನನಗೆ ಗಂಟೆಗೆ 41 ಬಂತು. ಸಿಪ್ಯಾಪ್ ಮೆಷಿನ್ ಬರೆದುಕೊಟ್ಟರು. ಚಿಕ್ಕ ಪೆಟ್ಟಿಗೆ, ಒಂದು ಪೈಪು, ಮೂಗಿಗೆ ಮಾಸ್ಕು. ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲು ಮುಚ್ಚದ ಹಾಗೆ ತಡೆಯುತ್ತದೆ, ಅಷ್ಟೇ. ಇದನ್ನು ಸಿಡ್ನಿಯ ಕಾಲಿನ್ ಸಲಿವನ್ ಅನ್ನುವ ಡಾಕ್ಟರು ಕಂಡುಹಿಡಿದು 1981ರಲ್ಲಿ ಪ್ರಕಟಿಸಿದರಂತೆ. ಅದಕ್ಕೆ ಮೊದಲು ತೀವ್ರವಾಗಿದ್ದವರಿಗೆ ಕುತ್ತಿಗೆಯಲ್ಲಿ ರಂಧ್ರ ಮಾಡುತ್ತಿದ್ದರು. ಅದನ್ನು ಕೇಳಿದ ಮೇಲೆ ಮಾಸ್ಕ್ ದೊಡ್ಡ ಕಷ್ಟ ಅನ್ನಿಸಲಿಲ್ಲ.

ಮೊದಮೊದಲು ಉಸಿರುಗಟ್ಟಿದ ಹಾಗಾಗುತ್ತದೆ. ಮಾಸ್ಕ್ ಸೈಜ್ ಸರಿಯಿಲ್ಲದಿದ್ದರೆ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ. ಅಂಗಡಿಯವರು ಒಂದೇ ಮಾಸ್ಕ್ ತೋರಿಸಿ ಇದೇ ತಗೊಳ್ಳಿ ಅಂದರೆ ಕೇಳಬೇಡಿ, ಎರಡು ಮೂರು ಹಾಕಿ, ಮಲಗಿಯೇ ನೋಡಲಿ. ಸಂಜೆ ಟಿವಿ ನೋಡುವಾಗ ಸುಮ್ನೆ ಹಾಕಿಕೊಂಡು ಕೂತರೆ ಬೇಗ ಒಗ್ಗುತ್ತದೆ. ಮಾಸ್ಕನ್ನು ದಿನಾ ಸೋಪಿನ ನೀರಲ್ಲಿ ತೊಳೆಯಬೇಕು. ಗಾಳಿಗೆ ತೇವ ಕೊಡಲು ಮೆಷಿನ್ನಿನಲ್ಲಿರುವ ನೀರಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರ್, ನಲ್ಲಿ ನೀರು ಬೇಡ. ಮತ್ಸ್ಯಗಂಧಾ ರೈಲಿನಲ್ಲಿ ಊರಿಗೆ ಹೋಗುವಾಗಲೂ ಮೆಷಿನ್ ನನ್ನ ಜೊತೆ ಬರುತ್ತದೆ. ಮಳೆಗಾಲದಲ್ಲಿ ಊರಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಅದಕ್ಕೆ ಇನ್ವರ್ಟರ್ ಇರುವ ತಂಗಿ ಮನೆಯಲ್ಲಿ ಮಲಗುತ್ತೇನೆ.

ನನಗೆ ಮೊದಲು ನಿಂತಿದ್ದು ರಾತ್ರಿ ಮೂತ್ರಕ್ಕೆ ಏಳುವುದು. ಆಮೇಲೆ ಬೆಳಗಿನ ತಲೆನೋವು. ಬಿಪಿ ಮಾತ್ರೆ ಇನ್ನೂ ಇದೆ.

ರಾತ್ರಿ ಟೆಕ್ನಿಷಿಯನ್, ನವಿ ಮುಂಬೈ

ಕೊನೆಯ ಮಾತು ಬಹಳ ಮುಖ್ಯ. ಸಿಪ್ಯಾಪ್‌ನಿಂದ ಬಿಪಿ ಇಳಿಯುವುದು ಸರಾಸರಿ 2-3 ಅಂಕ ಮಾತ್ರ. ಕೆಲವರಲ್ಲಿ ಜಾಸ್ತಿ ಇಳಿಯುತ್ತದೆ, ರಾತ್ರಿಯಿಡೀ ಬಿಡದೆ ಹಾಕಿದವರಿಗೆ ಲಾಭ ಹೆಚ್ಚು. ಮೆಷಿನ್ ಬಂತು ಅಂತ ಮಾತ್ರೆ ತಾವಾಗಿಯೇ ಬಿಡುವ ಹಾಗಿಲ್ಲ.

ಹಿಂಜವಡಿ ಪಾಳಿಯವನು, ಪುಣೆ

ಒಂದು ಮಾತು ಸೇರಿಸಲಾ? ಗೊರಕೆ ಇಲ್ಲದಿದ್ದರೂ ನಿದ್ದೆ ಕೆಡುತ್ತದೆ. ನನ್ನದು ಅಮೆರಿಕದ ಸಮಯಕ್ಕೆ ಕೆಲಸ. ಬೆಳಿಗ್ಗೆ ಐದಕ್ಕೆ ಮಲಗುತ್ತೇನೆ. ಒಂಬತ್ತಕ್ಕೆ ಕೆಳಗೆ ಭಂಗಾರದವನ (ಗುಜರಿಯವನ) ಕೂಗು, ಪಕ್ಕದ ಮನೆ ಕುಕ್ಕರ್ ಸೀಟಿ, ಕಿಟಕಿಯಲ್ಲಿ ಬಿಸಿಲು. ದೇಹದ ಗಡಿಯಾರ ಬೆಳಕು ನೋಡಿ ನಡೆಯುತ್ತದೆ, ಅದು ಹಗಲಲ್ಲಿ ಒಳ್ಳೆ ನಿದ್ದೆ ಕೊಡುವುದಿಲ್ಲ. ಆ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ತೋರಿಸಿದವರಿಗೇ 2017ರ ನೊಬೆಲ್ ಬಂದಿದ್ದು. ನನಗೆ ಶುಗರ್ ಗಡಿಗೆ ಬಂದಿದೆ ಅಂದಾಗ ಡಾಕ್ಟರು ಮೊದಲು ಕೇಳಿದ್ದು ಸಿಹಿ ತಿಂತೀರಾ ಅಂತ ಅಲ್ಲ, ನಿದ್ದೆ ಹೇಗಿದೆ ಅಂತ. ಆರೋಗ್ಯವಂತ ಹುಡುಗರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ ಅವರ ದೇಹ ಸಕ್ಕರೆ ನಿಭಾಯಿಸುವುದೇ ಕೆಟ್ಟಿತ್ತು ಅಂತ 1999ರಲ್ಲೇ ಷಿಕಾಗೋದಲ್ಲಿ ತೋರಿಸಿದ್ದಾರೆ. ನಾನೀಗ ಕಿಟಕಿಗೆ ದಪ್ಪ ಪರದೆ ಹಾಕಿದ್ದೇನೆ, ಪಾಳಿಯ ಕೊನೆಗೆ ಚಹಾ ಬಿಟ್ಟಿದ್ದೇನೆ, ಹಗಲು ಪಾಳಿ ಕೊಡಿ ಅಂತ ಆಫೀಸಿನಲ್ಲಿ ಅರ್ಜಿ ಹಾಕಿದ್ದೇನೆ.

ಅಕ್ಕ, ನಿಮ್ಮವರ ಕೆಲಸದ ಹೊತ್ತು ಬದಲಾಗಲ್ಲ ಅಂತ ಗೊತ್ತು. ರಜೆ ದಿನವೂ ಅದೇ ಹೊತ್ತಿಗೆ ಮಲಗಿ ಏಳುವುದಾದರೂ ಇರಲಿ.

ಕುಂದಾಪುರದವಳು, ಡೊಂಬಿವಲಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಡಿಯೋ ಮಾಡಿದೆ. ಅವರಿಗೇ ತೋರಿಸಿದಾಗ ಮಾತೇ ಆಡಲಿಲ್ಲ, ಎರಡನೇ ಸಲ ಹಾಕು ಅಂದರು. ಕುತ್ತಿಗೆ 43 ಸೆಂಟಿಮೀಟರ್. ಅತ್ತೆಗೂ ತೋರಿಸಿದೆ, ಈಗ ಡಾಕ್ಟರ ಹತ್ತಿರ ಬೇಗ ಹೋಗಿ ಅಂತ ಅವರೇ ಹೇಳುತ್ತಿದ್ದಾರೆ. ಮೂತ್ರದ ಮಾತ್ರೆ ಬೆಳಿಗ್ಗೆಯೇ ತಗೊಳ್ಳುವುದು. ಬಿಪಿ ಡಾಕ್ಟರು ವಿಡಿಯೋ ನೋಡಿ, ಹೊಸ ಮಾತ್ರೆ ತಡೆದು, ಚೆಸ್ಟ್ ಡಾಕ್ಟರಿಗೆ ಚೀಟಿ ಕೊಟ್ಟರು. ಬರುವ ಮಂಗಳವಾರ ರಾತ್ರಿ ಲ್ಯಾಬಿನಲ್ಲೇ ಪರೀಕ್ಷೆ. ಆ ದಿನ ಏನೇನು ನೋಡಿಕೊಳ್ಳಬೇಕು? ಅಷ್ಟು ವೈರ್ ಹಾಕಿದರೆ ನಿದ್ದೆ ಬರುತ್ತಾ ಅಂತ ಅವರಿಗೆ ಚಿಂತೆ.

ರಾತ್ರಿ ಟೆಕ್ನಿಷಿಯನ್, ನವಿ ಮುಂಬೈ

ಓದಿ ತುಂಬಾ ಖುಷಿಯಾಯಿತು ಅಕ್ಕ. ನಿದ್ದೆ ಬರುತ್ತದೆ, ಚಿಂತೆ ಬೇಡ ಅನ್ನಿ. ಮನೆಯಷ್ಟು ಚೆನ್ನಾಗಿ ಬರದಿದ್ದರೂ ಸಾಮಾನ್ಯವಾಗಿ ಪರೀಕ್ಷೆಗೆ ಸಾಕಾಗುತ್ತದೆ.

ಆ ದಿನ ತಲೆಗೆ ಎಣ್ಣೆ ಹಚ್ಚಬೇಡಿ. ಶಾಂಪೂ ಹಾಕಿ ಸ್ನಾನ ಮಾಡಿ ಬರಲಿ, ಎಣ್ಣೆ ಇದ್ದರೆ ತಲೆಗೆ ಅಂಟಿಸುವ ವೈರ್ ನಿಲ್ಲುವುದಿಲ್ಲ. ಮಧ್ಯಾಹ್ನದ ಮೇಲೆ ಚಹಾ, ಕಾಫಿ ಬೇಡ. ಹೋಟೆಲಿನಲ್ಲಿ ಕೂತವರಿಗೆ ಇದೇ ಕಷ್ಟ, ಆ ದಿನ ರಜೆ ಹಾಕಿದರೆ ಉತ್ತಮ. ಆದರೆ ಮನೆಯಲ್ಲಿದ್ದಾರೆ ಅಂತ ಹಗಲು ಮಲಗುವುದು ಬೇಡ. ಬಿಪಿ ಮಾತ್ರೆ ಎಂದಿನಂತೆ ತಗೊಳ್ಳಲಿ, ಎಲ್ಲ ಮಾತ್ರೆಗಳ ಹೆಸರು ಚೀಟಿಯಲ್ಲಿ ಬರೆದು ಕೊಡಿ. ಗುಂಡಿ ಇರುವ ಅಂಗಿ, ಸಡಿಲ ಪ್ಯಾಂಟು ಒಳ್ಳೆಯದು. ತಲೆಯಿಂದ ಹಾಕುವ ಬನಿಯನ್ ಆದರೆ ವೈರ್ ಹಾಕಿದ ಮೇಲೆ ತೆಗೆಯಲು ಆಗುವುದಿಲ್ಲ. ಅವರದೇ ದಿಂಬು ಕಳಿಸಿ. ಬಾತ್‌ರೂಮಿಗೆ ಹೋಗಬೇಕಾದರೆ ಸಂಕೋಚ ಬೇಡ, ಕರೆದರೆ ಸಾಕು, ವೈರುಗಳನ್ನೆಲ್ಲ ಒಂದು ಡಬ್ಬಿಗೆ ಸೇರಿಸಿರುತ್ತೇವೆ, ಅದನ್ನು ಬಿಚ್ಚಿ ಕುತ್ತಿಗೆಗೆ ನೇತುಹಾಕಿ ಕಳಿಸುತ್ತೇವೆ. ರಿಪೋರ್ಟ್ ಬಂದ ಮೇಲೆ ಗಂಟೆಗೆ ಎಷ್ಟು, ಆಕ್ಸಿಜನ್ ಎಲ್ಲಿಯ ತನಕ ಇಳಿಯಿತು, ಈ ಎರಡು ಅಂಕಿ ಡಾಕ್ಟರ ಹತ್ತಿರ ಕೇಳಿ, ಇಲ್ಲಿ ಹಾಕಿ.