ಸೆಕ್ಸ್‌ಟಂಟ್ ಅಂದರೆ ಆರನೇ ಒಂದು ಭಾಗ, ಮತ್ತೆ 120 ಡಿಗ್ರಿ ಹೇಗೆ?

ಪ್ರಶ್ನೆ
ಹಡಗಿನವರು ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟಂಟ್ ಬಗ್ಗೆ ಓದುತ್ತಿದ್ದೆ. ಲ್ಯಾಟಿನ್‌ನ ‘ಸೆಕ್ಸ್‌ಟಾನ್ಸ್’ನಿಂದ ಬಂದ ಹೆಸರಂತೆ, ಆರನೇ ಒಂದು ಭಾಗ ಅಂತ ಅರ್ಥ. ವೃತ್ತದ ಆರನೇ ಒಂದು ಭಾಗ ಅಂದರೆ 60 ಡಿಗ್ರಿ ಅಲ್ವಾ? ಆದರೆ ಚಿತ್ರದಲ್ಲಿ ಕಮಾನಿನ ಮೇಲೆ 120ರವರೆಗೂ ಗುರುತುಗಳಿವೆ. ಹೆಸರೇ ತಪ್ಪಾ?

ಉತ್ತರ 1
ಹೆಸರು ಸರಿಯಾಗಿಯೇ ಇದೆ. ಅದು ಚೌಕಟ್ಟಿನ ಆಕಾರಕ್ಕೆ ಇಟ್ಟ ಹೆಸರು, ಅಳೆಯುವ ಕೋನಕ್ಕಲ್ಲ. ಕಮಾನು ಇರುವುದು ಸುಮಾರು 60 ಡಿಗ್ರಿಯೇ. ಆದರೆ ಅದರಲ್ಲಿ ತಿರುಗುವ ಕನ್ನಡಿ ಇದೆ, ಕನ್ನಡಿ 1 ಡಿಗ್ರಿ ತಿರುಗಿದರೆ ಅದರಿಂದ ಪ್ರತಿಫಲಿಸುವ ಬೆಳಕು 2 ಡಿಗ್ರಿ ತಿರುಗುತ್ತದೆ, ಹಾಗಾಗಿ ಕಮಾನಿನ ಪ್ರತಿ ಅರ್ಧ ಡಿಗ್ರಿಯನ್ನೂ 1 ಡಿಗ್ರಿ ಅಂತಲೇ ಗುರುತು ಹಾಕುತ್ತಾರೆ.

ಉತ್ತರ 2
ಈ ಗೊಂದಲ ಹಳೆಯದು. 1731ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜಾನ್ ಹ್ಯಾಡ್ಲಿ ಇದೇ ತತ್ವದ ಮೇಲೆ ತೋರಿಸಿದ ಸಾಧನದ ಕಮಾನು 45 ಡಿಗ್ರಿ, ಅಂದರೆ ಎಂಟನೇ ಒಂದು ಭಾಗ, ಅದಕ್ಕೇ ಆಕ್ಟಂಟ್. ಆದರೆ ಅದು 90 ಡಿಗ್ರಿ ಅಳೆಯುತ್ತಿತ್ತಲ್ಲ, ಹಾಗಾಗಿ ಎಷ್ಟೋ ಜನ ಅದನ್ನೇ ‘ಹ್ಯಾಡ್ಲಿಯ ಕ್ವಾಡ್ರಂಟ್’ ಅಂತ ಕರೆದರು, ಕ್ವಾಡ್ರಂಟ್ ಅಂದರೆ ಕಾಲು ಭಾಗ. ಒಂದೇ ಸಾಧನ, ಆಕಾರ ನೋಡಿದವರಿಗೆ ಒಂದು ಹೆಸರು, ಅಳತೆ ನೋಡಿದವರಿಗೆ ಇನ್ನೊಂದು! ಮುಂದೆ ರೇಖಾಂಶ ಕಂಡುಹಿಡಿಯಲು ಚಂದ್ರನಿಗೂ ನಕ್ಷತ್ರಕ್ಕೂ ನಡುವಿನ ಕೋನ ಅಳೆಯಬೇಕಾಯಿತು, ಅದು 90 ದಾಟುವುದೂ ಉಂಟು. 1757ರ ಸುಮಾರಿಗೆ ಕ್ಯಾಪ್ಟನ್ ಜಾನ್ ಕ್ಯಾಂಪ್‌ಬೆಲ್ ಸಲಹೆಯಂತೆ ಉಪಕರಣ ತಯಾರಕ ಜಾನ್ ಬರ್ಡ್ ಕಮಾನನ್ನು 60ಕ್ಕೆ ಹಿಗ್ಗಿಸಿದ. ಈ ಸಲ ಆಕಾರದ ಹೆಸರೇ ನಿಂತಿತು.

ಉತ್ತರ 3
ಒಂದು ಸೇರಿಸುತ್ತೇನೆ. ಕನ್ನಡಿ ಬರುವ ಮೊದಲೇ ಸೆಕ್ಸ್‌ಟಂಟ್ ಅನ್ನೋ ಹೆಸರು ಇತ್ತು. 16ನೇ ಶತಮಾನದಲ್ಲಿ ಖಗೋಳಜ್ಞ ಟೈಕೋ ಬ್ರಾಹೆ ಬಳಸಿದ ದೊಡ್ಡ ಸೆಕ್ಸ್‌ಟಂಟ್‌ಗಳು 60 ಡಿಗ್ರಿ ಕಮಾನಿನಲ್ಲಿ 60 ಡಿಗ್ರಿಯನ್ನೇ ಅಳೆಯುತ್ತಿದ್ದವು. ಅದಕ್ಕೂ ತುಂಬಾ ಹಿಂದೆ, 994ರಲ್ಲಿ, ಇರಾನಿನ ರೇ ನಗರದಲ್ಲಿ ಖಗೋಳಜ್ಞ ಅಲ್-ಖುಜಂದಿ ಗೋಡೆಗೆ ಹೊಂದಿಸಿ ಕಟ್ಟಿಸಿದ ಬೃಹತ್ ಕಮಾನಿಗೆ ‘ಸುದ್ಸ್’ ಎಂದೇ ಹೆಸರು. ಅರಬ್ಬಿಯಲ್ಲಿ ಅದಕ್ಕೂ ಆರನೇ ಒಂದು ಭಾಗ ಅಂತಲೇ ಅರ್ಥ. ನನಗಂತೂ ಇದು ಈ ಹೆಸರಿನ ಕಥೆಯಲ್ಲೇ ಅತಿ ಚಂದದ ಭಾಗ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್, ಈಗ ಸ್ಪಷ್ಟವಾಯಿತು. ಹಾಗಾದರೆ ಐದನೇ ಒಂದು ಭಾಗದ್ದೂ ಇದೆಯಾ?

ಉತ್ತರ 1
ಇದೆ, ಕ್ವಿಂಟಂಟ್. ಕಮಾನು 72 ಡಿಗ್ರಿ, ಅಳೆಯುವುದು 144. ಆದರೆ ಅದನ್ನೂ ಸುಮ್ನೆ ಸೆಕ್ಸ್‌ಟಂಟ್ ಅಂತ ಕರೆಯುವವರೇ ಜಾಸ್ತಿ.